ಹಗ್ಗದತ್ತೆಯ ಕೊನೆಯ ಮಾತು

ಮುಂದೆ ಮುಂದೆ ಓಡಿ ಮುಗ್ಗರಿಸಿದವರು ಯಾವ ಊರಲ್ಲಾದರೂ ಸಿಗುತ್ತಾರೆ. ಹಿಂದಕ್ಕೆ ಹಿಂದಕ್ಕೆ ನಡೆದು ಹೊಟ್ಟೆ ಹೊರೆದವರನ್ನು ನೋಡಬೇಕೆಂದರೆ ಮಾತ್ರ ಹಗ್ಗದ ಶೆಡ್ಡಿಗೇ ಹೋಗಬೇಕಿತ್ತು. ಅಗಲದಲ್ಲಿ ಒಂದು ಕೋಣೆ, ಉದ್ದದಲ್ಲಿ ಒಂದು ಬೀದಿ, ಅಂಥ ಶೆಡ್ಡು ಅದು. ಒಂದು ತುದಿಯಲ್ಲಿ ರಾಟೆ. ರಾಟೆಯ ಕೊಕ್ಕೆಗೆ ನಾರಿನ ಎಳೆ ಸಿಕ್ಕಿಸಿ, ಉಳಿದ ನಾರನ್ನು ಸೊಂಟಕ್ಕೆ ಸುತ್ತಿಕೊಂಡು, ಬೆರಳಲ್ಲಿ ಎಳೆ ಬಿಡುತ್ತ ಹಿಂದಕ್ಕೆ ನಡೆದರೆ, ಆಚೆ ಗೋಡೆಗೆ ಬೆನ್ನು ತಾಗುವ ಹೊತ್ತಿಗೆ ಒಂದು ಹುರಿ. ಅಂಥ ಹುರಿಗಳು ಹೆಣೆದುಕೊಂಡರೆ ಹಗ್ಗ. ಶೆಡ್ಡು ಎಷ್ಟು ಉದ್ದವೋ ಹಗ್ಗ ಅದರೊಳಗೆ. ಎರಡು ತುಂಡನ್ನು ಗಂಟು ಹಾಕಿ ಉದ್ದ ಮಾಡಬಹುದಲ್ಲ ಎನ್ನುವ ಬುದ್ಧಿವಂತರಿಗೆ ಅಲ್ಲಿ ಸಿಗುತ್ತಿದ್ದ ಉತ್ತರ ಒಂದೇ: "ಆ ಹಗ್ಗ ಹಿಡಿದು ಬಾವಿಗೆ ನೀವೇ ಇಳೀರಿ, ನಾವು ಮೇಲೆ ನಿಂತು ನೋಡ್ತೀವಿ."

ಶೆಡ್ಡಿನವರನ್ನು ಊರು ಗುಡ್ಡದವರು ಎಂದು ಕರೆಯುತ್ತಿತ್ತು. ಊರು ಊರಾಗುವ ಮೊದಲೇ ಆ ನೆಲದಲ್ಲಿ ಇದ್ದವರು. ಗುಡ್ಡಕ್ಕೆ ಬೇಲಿ ಬಿದ್ದ ಮೇಲೆ ನಾರಿನ ಹೊರೆ ಹೊತ್ತು ಕೆಳಗಿಳಿದದ್ದರಿಂದ, ಊರಿನ ಲೆಕ್ಕದಲ್ಲಿ ಕೊನೆಗೆ ಬಂದವರು. ಅವರ ಹಿರಿಯಳು ಹಗ್ಗದತ್ತೆ. ಯಾರಿಗೆ ಅತ್ತೆ ಎಂದು ಕೇಳುವಂತಿರಲಿಲ್ಲ. ಅವಳ ಸ್ವಂತ ಅತ್ತೆಯೂ ಸಾಯುವ ಮೊದಲು ಅವಳನ್ನು "ಅತ್ತೆ" ಎಂದೇ ಕರೆದಿದ್ದಳಂತೆ. ಅದು ಮರೆವೋ ಮರ್ಯಾದೆಯೋ ಇಂದಿಗೂ ತೀರ್ಮಾನವಾಗಿಲ್ಲ.

ಇವರಲ್ಲಿ ನಾಯಕತ್ವಕ್ಕೆ ಕುರ್ಚಿಯಿಲ್ಲ, ಸರದಿಯಿದೆ. ಏನಾದರೂ ನಿರ್ಧಾರವಾಗಬೇಕಾದರೆ ಎಲ್ಲರೂ ಶೆಡ್ಡಿನ ನೆಲದ ಮೇಲೆ ಕೂರುತ್ತಾರೆ. ಮೊದಲ ಮಾತು ಕಿರಿಯರದು. ಆದರೆ ಅವರು ತಮ್ಮ ಮಾತನ್ನು ಆಡುವಂತಿಲ್ಲ. ಎದುರಾಳಿಯ ಮಾತನ್ನು ಆಡಬೇಕು. ಎದುರಾಳಿಯೇ ಬಂದು ಕೇಳಿದರೂ "ಇಷ್ಟು ಚೆನ್ನಾಗಿ ನಾನೂ ಹೇಳ್ತಿರಲಿಲ್ಲ" ಅನ್ನಬೇಕು. ಇದಕ್ಕೆ ಎದುರುಬಾಯಿ ಹಿಡಿಯುವುದು ಎನ್ನುತ್ತಾರೆ. ಆಮೇಲೆ ನಡುವಯಸ್ಸಿನವರು ಒಬ್ಬರ ನಂತರ ಒಬ್ಬರು ಆ ಮಾತನ್ನು ತಕ್ಕಡಿಗೆ ಹಾಕಿ, ಎಲ್ಲಿ ಹಗುರವಿದೆ ನೋಡಿ ಉತ್ತರ ಕೊಡುತ್ತಾರೆ. ಒಬ್ಬರು ಮುಗಿಸದೆ ಇನ್ನೊಬ್ಬರು ಏಳುವುದಿಲ್ಲ, ಒಮ್ಮೆ ಮಾತಾಡಿದವರು ಮತ್ತೆ ಬಾಯಿ ಹಾಕುವುದಿಲ್ಲ. ಎಲ್ಲರದೂ ಬರಿದಾದ ಮೇಲೆ ಹಿರಿಯಳು ಕೊನೆಯ ಮಾತು ಹೇಳುತ್ತಾಳೆ. ಹಿರಿಯಳೇ ಮೊದಲು ಬಾಯಿ ತೆರೆದರೆ ಅದು ಹೌದಪ್ಪನ ಚಾವಡಿಯಾಗುತ್ತದೆ, ಅಲ್ಲಪ್ಪನಿಗೆ ಅಲ್ಲಿ ಜಾಗ ಇರುವುದಿಲ್ಲ ಎಂಬುದು ಅವರ ಲೆಕ್ಕ.

ಅತ್ತೆ ಹುಡುಗಿಯಾಗಿದ್ದಾಗ ಗುಡ್ಡಕ್ಕೆ ಬೇಲಿ ಹಾಕಿದವನ ಎದುರುಬಾಯಿ ಹಿಡಿದಿದ್ದಳು. ಎಷ್ಟು ಚೆನ್ನಾಗಿ ಹಿಡಿದಳೆಂದರೆ ಅವಳಪ್ಪ ಬಹಳ ದಿನ ಅವಳ ಪಕ್ಕ ಕೂತು ಊಟ ಮಾಡಲಿಲ್ಲ. ಆಗಿನ ಹಿರಿಯಳು ಮಾತ್ರ "ಇವಳು ಬೇಲಿಯಾಚೆ ಹೋಗಿ ಬಂದಳು, ಇವಳು ಆಗ್ತಾಳೆ" ಅಂದಿದ್ದಳು. ಆಯ್ಕೆ ಎಂಬುದೇನಾದರೂ ನಡೆದಿದ್ದರೆ ಅಷ್ಟೇ. ಮುಂದೆ ಅವಳು ತನ್ನವರಷ್ಟೇ ಅಲ್ಲ, ಹೊಳೆಯ ದೋಣಿಯವರನ್ನೂ ಇದೇ ನೆಲದಲ್ಲಿ ಕೂರಿಸಿ ಪಳಗಿಸಿದಳು. ಅವರೂ ಇವರಂತೆಯೇ ಹಳಬರು, ಇವರಂತೆಯೇ ಒತ್ತರಿಸಲ್ಪಟ್ಟವರು. ಈಗ ಅವರ ಹಿರಿಯನಾಗಿರುವ ಅಂಬಿಗ ಒಂದು ಕಾಲದಲ್ಲಿ ಈ ಶೆಡ್ಡಿನಲ್ಲೇ ಎದುರುಬಾಯಿ ಹಿಡಿಯಲು ಹೋಗಿ, ಮಾತು ಸಿಗದೆ, ನೀರು ಕುಡಿದು ಬರುತ್ತೇನೆಂದು ಹೋದವನು ಮರುದಿನ ಬಂದಿದ್ದ.

ಇನ್ನು ಅತ್ತೆಗೆ ಉಳಿದಿದ್ದ ಆಸೆ ಎಂದರೆ ತಮ್ಮನ ಮಗಳು. ಎಲ್ಲರೂ ಅವಳನ್ನು ಚೂಟಿ ಎನ್ನುತ್ತಿದ್ದರು. ನೂಲುವಾಗ ಕೈ ಎಷ್ಟು ಚುರುಕೋ ನಾಲಿಗೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಯಾರ ಜಗಳವಿರಲಿ, ಇಬ್ಬರ ಮಾತನ್ನೂ ಅವರಿಗಿಂತ ಚೆನ್ನಾಗಿ ಆಡಿ ತೋರಿಸಿ ಇಬ್ಬರನ್ನೂ ನಾಚಿಸುತ್ತಿದ್ದಳು. ಮಾಲು ಒಳ್ಳೆಯದೆಂದು ಅತ್ತೆಗೆ ಗೊತ್ತಿತ್ತು. ಒಳ್ಳೆಯ ಮಾಲಿದ್ದವರಿಗೆ ನಾಲ್ಕು ಜನಕ್ಕೆ ತೋರಿಸುವ ಚಪಲ ಇರುತ್ತದೆ; ಅತ್ತೆಯೂ ಅದಕ್ಕೆ ಹೊರತಲ್ಲ.

ಹಾಗಿರುವಾಗ ಸಂಘದ ಮೇಡಂ ಬಂದರು. ಗುಡ್ಡದವರಂಥ ಹಳಬರ ಏಳಿಗೆಗಾಗಿ ಇರುವ ಸಂಘ, ಬಹಳ ಒಳ್ಳೆಯ ಮೇಡಂ. ಕೆಟ್ಟವರಿಂದಾಗುವ ಕೇಡಿಗೆ ಬಾಗಿಲು ಹಾಕಿಕೊಳ್ಳಬಹುದು, ಒಳ್ಳೆಯವರು ಬಂದರೆ ಕೂರಲು ಮಣೆ ಕೊಡಬೇಕಾಗುತ್ತದೆ.

"ಅತ್ತೆ, ಸಿಹಿಸುದ್ದಿ ತಂದಿದ್ದೀನಿ," ಎಂದರು ಮೇಡಂ, ನಾರಿನ ಧೂಳಿಗೆ ಸೀನುತ್ತ. "ಪಟ್ಟಣ ಸಮಿತಿ ನಿಮಗೋಸ್ಕರ ಒಂದು ಭವನ ಕಟ್ತಿದೆ. ಮೂಲನಿವಾಸಿ ನಾಯಕತ್ವ ಭವನ. ಒಂದು ತಲೆಮಾರು ಇನ್ನೊಂದು ತಲೆಮಾರನ್ನ ಹೇಗೆ ಬೆಳೆಸುತ್ತೆ ಅನ್ನೋದು ಎಲ್ಲರಿಗೂ ಗೊತ್ತಾಗ್ಬೇಕು."

"ಎಲ್ಲಿ ಕಟ್ತಾರಂತೆ?"

"ಇಲ್ಲೇ. ಶೆಡ್ಡಿನ ಅರ್ಧ ಜಾಗದಲ್ಲಿ. ಇನ್ನರ್ಧ ನಿಮಗೇ ಇರುತ್ತೆ."

ರಾಟೆ ತಿರುಗಿಸುತ್ತಿದ್ದ ಅತ್ತೆಯ ಮೈದುನ ಕೈ ನಿಲ್ಲಿಸಿದ. ಹುಟ್ಟಿದಾಗಿನಿಂದ ಅದನ್ನೇ ತಿರುಗಿಸುತ್ತ ಬಂದವನಂತೆ ಕಾಣುತ್ತಿದ್ದ ಅವನಿಗೆ ರಾಟೆಮಾವ ಎಂದೇ ಹೆಸರು. "ಹಕ್ಕಿ ಚೆನ್ನಾಗಿ ಹಾಡುತ್ತೆ ಅಂತ ಅದು ಕೂತ ಕೊಂಬೆ ಕಡಿದು ಪಂಜರ ಮಾಡ್ತಾರಾ ಮೇಡಂ?"

"ಅಯ್ಯೋ, ಹಾಗಲ್ಲ ಮಾವ. ಇನ್ನೂ ತೀರ್ಮಾನ ಆಗಿಲ್ಲ. ಸಭೆ ಇದೆ, ಬೇಡ ಅನ್ನಿಸಿದ್ರೆ ಅಲ್ಲಿ ಬಂದು ಹೇಳಿ. ನಿಮ್ಮ ಪದ್ಧತಿಯಲ್ಲೇ ಮಾತಾಡಿ. ನಾವು ಗೌರವಿಸೋದೇ ಅದನ್ನ ಅಲ್ವಾ? ಸಮಿತಿ ಅಧ್ಯಕ್ಷರಿಗೂ ಹೇಳಿಟ್ಟಿರ್ತೀನಿ."

ಅತ್ತೆ ಬಿದ್ದದ್ದು ಈ ಮಾತಿಗೆ. ಊರು ಇಷ್ಟು ಕಾಲ ಇವರ ಹಗ್ಗವನ್ನು ಕೊಂಡಿತ್ತು, ಕಟ್ಟಿತ್ತು, ಎಳೆದಿತ್ತು. ನಿಮ್ಮ ಪದ್ಧತಿ ತನ್ನಿ ಎಂದು ಕೇಳಿ ಬಂದ ಗಿರಾಕಿ ಇದೇ ಮೊದಲು.

ಸುದ್ದಿ ಕೇಳಿ ಅಂಬಿಗ ಬಂದ. ಅವನ ದೋಣಿಗಳಿಗೆ ಬೇಕಾದ್ದು ಗಂಟಿಲ್ಲದ ಉದ್ದ ಹಗ್ಗ; ಅರ್ಧ ಶೆಡ್ಡಿನ ಹಗ್ಗ ಬಟ್ಟೆ ಒಣಗಿಸುವವರಿಗೆ ಆದೀತು, ಹೊಳೆಗೆ ಆಗದು. "ಅತ್ತೆ, ಅಲ್ಲಿ ಹೋದ ತಕ್ಷಣ ನೀನೇ ಎದ್ದು 'ಬೇಡ' ಅಂದ್ಬಿಡು. ಪದ್ಧತಿ ಗಿದ್ಧತಿ ಆಮೇಲೆ."

"ನಾನೇ ಮೊದಲು ಎದ್ರೆ ಈ ಹುಡುಗಿ ಏಳೋದು ಯಾವಾಗ?"

"ಹುಡುಗಿ ನಾಳೆ ಏಳ್ತಾಳೆ. ಶೆಡ್ಡು ನಾಳೆ ಏಳಲ್ಲ."

"ನೀರು ಕುಡಿದು ಬರ್ತೀನಿ ಅಂತ ಹೋದವನು ನಂಗೆ ಬುದ್ಧಿ ಹೇಳ್ಬೇಡ," ಎಂದಳು ಅತ್ತೆ. ಎಲ್ಲರೂ ನಕ್ಕರು. ಅಂಬಿಗನೂ ನಕ್ಕ, ಆದರೆ ಬೇಗ ನಿಲ್ಲಿಸಿದ.

ಸಭೆಯ ಹಾಲಿನಲ್ಲಿ ಫ್ಯಾನುಗಳು ತಿರುಗುತ್ತಿದ್ದವು, ಗಾಳಿ ಮಾತ್ರ ವೇದಿಕೆಯವರಿಗೆ. ಗುಡ್ಡದವರು ಹಿಂದಿನ ಸಾಲಿನಲ್ಲಿ, ಕುರ್ಚಿಯ ಅಂಚಿನಲ್ಲಿ ಕೂತರು. ಅವರ ಸರದಿ ಬಂದಾಗ ಚೂಟಿ ಎದ್ದು ಮೈಕಿನ ಮುಂದೆ ನಿಂತಳು.

"ಈ ಭವನ ಬೇಕು," ಎಂದು ಶುರು ಮಾಡಿದಳು. "ನಮ್ಮ ಹಿರಿಯರು ಕಲಿಸಿದ್ದು ಬರೀ ಬಾಯಲ್ಲಿದೆ, ಬಾಯಿ ಮುಚ್ಚಿದ್ರೆ ಹೋಗುತ್ತೆ. ಅದಕ್ಕೊಂದು ಮನೆ ಬೇಕು. ಶೆಡ್ಡಲ್ಲಿ ನಾರಿನ ಧೂಳು ಕುಡಿದು ಕೆಮ್ಮದ ಎದೆ ಒಂದಿದ್ರೆ ತೋರಿಸಿ. ನಮ್ಮ ಮಕ್ಕಳು ಹಿಂದಕ್ಕೆ ನಡೆಯೋದನ್ನೇ ಯಾಕೆ ಕಲೀಬೇಕು? ಹಳೇದನ್ನ ಬಿಡೋಕೆ ಹೆದರೋರು ಹಳೇದರ ಹೆಸರು ಹೇಳಿ ಹೆದರಿಸ್ತಾರೆ ಅಷ್ಟೇ."

ಅತ್ತೆಯ ಎದೆ ಉಬ್ಬಿತು. ಬೇಲಿಯಾಚೆ ಹೋಗಿ ನಿಂತು ಮಾತಾಡುತ್ತಿದ್ದಾಳೆ ಹುಡುಗಿ. ಕೆಮ್ಮಿನ ಮಾತಿಗೆ ಯಾರು ಉತ್ತರ ಕೊಡಬೇಕು, ಮನೆಯ ಮಾತಿಗೆ ಯಾರು, ಎಲ್ಲ ಅತ್ತೆಯ ಮನಸ್ಸಿನಲ್ಲಿ ಜೋಡಿಸಿಟ್ಟಂತೆ ಕೂತಿತ್ತು. ಕೊನೆಗೆ ತಾನು ಹೇಳಬೇಕಾದ್ದೂ ನಾಲಿಗೆಯ ಮೇಲಿತ್ತು: ನಾಯಕರು ತಯಾರಾಗೋದು ಕೆಲಸ ಮಾಡೋ ಜಾಗದಲ್ಲಿ, ಅದನ್ನ ಒಡೆದು ಅವರಿಗೆ ಗುಡಿ ಕಟ್ಟಬೇಡಿ.

ಸಭೆಯ ತುಂಬ ಚಪ್ಪಾಳೆ. ಅಧ್ಯಕ್ಷರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. "ಶಭಾಷ್ ಮಗಳೇ. ಇಷ್ಟು ಚೆನ್ನಾಗಿ ನಾನೂ ಹೇಳ್ತಿರಲಿಲ್ಲ."

ಗುಡ್ಡದವರ ಮುಖಗಳು ಅರಳಿದವು. ಎದುರುಬಾಯಿಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಉಂಟೇ? ರಾಟೆಮಾವ ಗಂಟಲು ಸರಿಮಾಡಿಕೊಂಡು ಎದ್ದ. "ಸರಿ ಸ್ವಾಮಿ. ಇನ್ನು ಈ ಮಾತಿಗೆ..."

"ಕೂತ್ಕೊಳ್ಳಿ ಹಿರಿಯರೇ, ನಿಮ್ಮ ಪರವಾಗಿ ಮಗು ಮಾತಾಡಾಯ್ತಲ್ಲ, ನಾವು ಬರ್ಕೊಂಡೂ ಆಯ್ತು. ಇನ್ನೂ ಬೇಕಾದಷ್ಟು ವಿಷಯ ಇದೆ."

ರಾಟೆಮಾವ ಕೂರಲೂ ಇಲ್ಲ, ಮಾತಾಡಲೂ ಇಲ್ಲ. ಅವನು ಮುಗಿಸದೆ ಅವನ ನಂತರದವರು ಏಳುವಂತಿಲ್ಲ. ಚೂಟಿ ಆಗಲೇ ಮಾತಾಡಿದವಳು, ಮತ್ತೆ ಬಾಯಿ ಹಾಕುವಂತಿಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತೆಯನ್ನು ನೋಡಿದಳು. ಎಲ್ಲರೂ ಅತ್ತೆಯನ್ನು ನೋಡಿದರು. ಅತ್ತೆಯ ಸರದಿ ಎಲ್ಲರದೂ ಮುಗಿದ ಮೇಲೆ. ಯಾರದೂ ಶುರುವೇ ಆಗಿರಲಿಲ್ಲ. ಕೂಗಿಬಿಡಬೇಕೆಂದು ಅವಳಿಗೆ ಅನ್ನಿಸಿತು. ಜೀವಮಾನವಿಡೀ ಕಾಯುವುದನ್ನು ಕಲಿತ ಬಾಯಿ, ಕೀಲಿ ಕಳೆದ ಬೀಗದಂತೆ, ಒಡತಿಯ ಮಾತನ್ನೇ ಕೇಳಲಿಲ್ಲ. ಕಡೆಗೊಮ್ಮೆ "ಸ್ವಾಮಿ" ಎಂದು ಹೊರಬಂದಾಗ ಸಭೆ ಮೋರಿಯ ಮುಚ್ಚಳದ ವಿಷಯಕ್ಕೆ ಹೋಗಿತ್ತು.

ಹೊರಗೆ ಕಾರಿನ ಬಳಿ ಅಧ್ಯಕ್ಷರನ್ನು ಹಿಡಿದಳು. "ಅದು ನಮ್ಮ ಮಾತಲ್ಲ ಸ್ವಾಮಿ. ಅದು ನಿಮ್ಮ ಮಾತು. ನಾವಿನ್ನೂ ಶುರುನೇ ಮಾಡಿರಲಿಲ್ಲ."

"ನನ್ನ ಮಾತನ್ನ ನೀವೇ ಹೇಳಿದ್ಮೇಲೆ ಒಪ್ಪಿದ ಹಾಗೇ ಅಲ್ವೇನಮ್ಮ?"

ಅವರ ದನಿಯಲ್ಲಿ ಕುಹಕವಿರಲಿಲ್ಲ. ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ, ಮತ್ತು ಅದಕ್ಕೆ ಅವರ ಬಳಿ ಸಮಯವೂ ಇರಲಿಲ್ಲ. ಮೇಡಂ ಕಣ್ಣು ಒರೆಸಿಕೊಂಡರು. "ಹೇಳಿದ್ದೆ ಅತ್ತೆ. ನಿಮ್ಮಲ್ಲಿ ಚಿಕ್ಕವರು ಮೊದಲು ಮಾತಾಡ್ತಾರೆ ಅಂತ ಹೇಳಿದ್ದೆ. ಯಾಕೆ ಅನ್ನೋದು ನಂಗೂ ಗೊತ್ತಿರಲಿಲ್ಲ." ಮತ್ತೆ ಅರ್ಜಿ ಹಾಕೋಣ ಎಂದರು, ಹಾಕಿದರು. ಒಮ್ಮೆ ಒಪ್ಪಿದ್ದನ್ನು ಮತ್ತೆ ತೆಗೆಯಲು ಬರುವುದಿಲ್ಲವೆಂದು ಉತ್ತರ ಬಂತು.

ಶೆಡ್ಡಿನ ಅರ್ಧ ಸೂರು ಇಳಿಯಿತು. ನಡುವೆ ಹೊಸ ಗೋಡೆ ಎದ್ದಿತು. ಹಿಂದಕ್ಕೆ ನಡೆಯುವವರಿಗೆ ಹಳೆಯ ಅಳತೆ ಕಾಲಲ್ಲೇ ಇತ್ತು. ಮೊದಮೊದಲು ಎಲ್ಲರೂ ಗೋಡೆಗೆ ತಲೆ ಹೊಡೆಸಿಕೊಂಡರು. ಅಂಬಿಗ ಮಿಲ್ಲಿನ ಹಗ್ಗ ತಂದ. ಅತ್ತೆ ಹೊಳೆಯ ದಂಡೆಗೆ ಬಂದರೆ ಅದರ ಮೇಲೆ ಗೋಣಿ ಎಳೆದು, "ಏನತ್ತೆ, ಇತ್ತ ಕಡೆ?" ಎಂದು ಆಕಾಶ ನೋಡುತ್ತಿದ್ದ.

ಚೂಟಿಗೆ ನಲ್ಲಿಯ ಬಳಿ "ಭವನದಮ್ಮ" ಎಂಬ ಹೆಸರು ಬಿತ್ತು. ಅವಳಪ್ಪ, ಅಂದರೆ ಅತ್ತೆಯ ತಮ್ಮ, ಒಂದು ದಿನ ಊಟದ ಮಧ್ಯೆ ಕೇಳಿಯೇಬಿಟ್ಟ. "ಅಷ್ಟೊಂದು ಚೆನ್ನಾಗಿ ಹೇಳ್ಬೇಕಿತ್ತಾ? ಸ್ವಲ್ಪ ತಡವರಿಸಿದ್ರೆ ಏನಾಗ್ತಿತ್ತು?"

"ಅವಳನ್ನ ಯಾಕೋ ಅಂತೀಯ? ನಾನು ಹೇಳಿದ್ದನ್ನ ಅವಳು ಮಾಡಿದ್ಲು," ಎಂದಳು ಅತ್ತೆ. "ತಪ್ಪು ನಂದು."

"ನಿಂದು ಹೇಗಾಗುತ್ತಕ್ಕಾ, ನೀನು ಮಾತೇ ಆಡ್ಲಿಲ್ವಲ್ಲ," ಎಂದ ತಮ್ಮ. ಸಮಾಧಾನ ಹೇಳಿದನೋ ಇರಿದನೋ ಅವನಿಗೇ ಗೊತ್ತಿರಲಿಲ್ಲ. ಚೂಟಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಕೆಲವರು ಮಿಲ್ಲಿಗೆ ಕೂಲಿಗೆ ಹೋಗುತ್ತೇವೆಂದರು, ಕೆಲವರು ಬೇಡವೆಂದರು. ಉಳಿದರ್ಧ ಶೆಡ್ಡಿನಲ್ಲಿ ಎಲ್ಲರೂ ಒತ್ತಿಕೊಂಡು ಕೂತರು. ಅತ್ತೆ ಚೂಟಿಯ ಕಡೆ ನೋಡಿದಳು. ಚೂಟಿ ನೆಲದ ನಾರನ್ನು ಎಳೆಯೆಳೆಯಾಗಿ ಬಿಡಿಸುತ್ತ ಕೂತಳು, ಬಾಯಿ ಬಿಡಲಿಲ್ಲ. ಮೊದಲ ಮಾತಿಲ್ಲದೆ ಎರಡನೆಯದು ಬರಲಿಲ್ಲ, ಕೊನೆಯದಂತೂ ದೂರವೇ. ಒಬ್ಬೊಬ್ಬರಾಗಿ ಎದ್ದು ಹೋದರು. ಮಿಲ್ಲಿಗೆ ಹೋಗುವವರು ಮರುದಿನ ಹೇಳದೆ ಕೇಳದೆ ಹೋದರು.

ಭವನದ ಉದ್ಘಾಟನೆಗೆ ಮೇಡಂ ತಾವೇ ಬಂದು ಅತ್ತೆಯ ಕೈ ಹಿಡಿದು, ಚೂಟಿಯನ್ನೂ ಸೇರಿಸಿ, ಕರೆದುಕೊಂಡು ಹೋದರು. ಈ ಬಾರಿ ಅವರು ತಪ್ಪಾಗದಂತೆ ನೋಡಿಕೊಂಡಿದ್ದರು. ಅಧ್ಯಕ್ಷರು ಮಾತಾಡಿದರು, ಅತಿಥಿಗಳು ಮಾತಾಡಿದರು, ಎಲ್ಲರೂ ತಲೆಮಾರುಗಳನ್ನು ಹೊಗಳಿದರು. ಗೋಡೆಯ ಮೇಲೆ ಚೂಟಿಯ ಚಿತ್ರವಿತ್ತು, ಮೈಕಿನ ಮುಂದೆ ಬಾಯಿ ತೆರೆದದ್ದು. ಕೊನೆಗೆ ಮೇಡಂ, "ಈ ಸಮುದಾಯದಲ್ಲಿ ಕೊನೆಯ ಮಾತು ಹಿರಿಯರದು. ಅತ್ತೆ, ಈಗ ನಿಮ್ಮ ಸರದಿ," ಎಂದು ಮೈಕನ್ನು ಕೈಗೇ ಕೊಟ್ಟರು.

ಯಾರೂ ಗಡಿಯಾರ ನೋಡಲಿಲ್ಲ. ಅತ್ತೆ ಮೈಕನ್ನು ನಾರಿನ ಕಟ್ಟಿನಂತೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. "ನಮ್ಮವರು ಇನ್ನೂ ಯಾರೂ ಮಾತಾಡಿಲ್ಲ," ಎಂದು ಹೇಳಿ ಅದನ್ನು ವಾಪಸು ಕೊಟ್ಟಳು.

ಎಂಥ ವಿನಯ ಎಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅತ್ತೆ ಬಂದು ಚೂಟಿಯ ಪಕ್ಕ ಕೂತಳು. ಗದ್ದಲದಲ್ಲಿ ಅವಳ ಕಿವಿಯ ಹತ್ತಿರ ಬಾಗಿ, "ಒಂದು ಮಾತು ಎದುರು ಹೇಳೇ. ಏನಾದ್ರೂ ಸರಿ. ನನಗೊಬ್ಬಳಿಗೇ ಹೇಳು," ಎಂದಳು.

ಚೂಟಿ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. "ಬೇಡ ಅತ್ತೆ," ಎಂದಳು ಮೆಲ್ಲಗೆ. "ಬರ್ಕೋತಾರೆ."