ಫ್ರೀಜರಿಗೆ ಸಿಕ್ಕ ರಜೆ

ಕೋಲ್ಕತ್ತಾದ ನಮ್ಮ ಪ್ರಯೋಗಾಲಯದಲ್ಲಿ ನನ್ನ ಸೀನಿಯರ್ ಸುತಪಾದಿಯ ಪಿಎಚ್.ಡಿ.ಗೆ ಅದು ಆರನೇ ವರ್ಷ. ಸುಂದರಬನದ ಕೆಸರಿನಲ್ಲಿ ಮೊಣಕಾಲುದ್ದ ಹೂತು ಹಿಡಿದ ಏಡಿಗಳ ರಕ್ತವನ್ನೆಲ್ಲ ಅವಳು ಮೂಲೆಯ ಫ್ರೀಜರಿನಲ್ಲಿ ಕೂಡಿಟ್ಟಿದ್ದಳು. ಅವಳ ಪ್ರಬಂಧವೆಲ್ಲ ನಿಂತಿದ್ದು ಅದರ ಮೇಲೆಯೇ.

ವಿಶ್ವಕರ್ಮ ಪೂಜೆಯ ಮರುದಿನ ಬಂದು ನೋಡುತ್ತೇವೆ, ಫ್ರೀಜರಿಗೆ ಚೆಂಡುಹೂವಿನ ಹಾರ, ಬಾಗಿಲಿಗೆ ಸಿಂಧೂರ, ನೆಲದ ಮೇಲೆ ನೀರು.

"ಇದನ್ನ ಯಾರು ಆಫ್ ಮಾಡಿದ್ದು?" ಎಂದು ಕಿರುಚಿದೆ.

"ನಾನೇ," ಎಂದರು ನಿಮಾಯ್‌ದಾ ಹೆಮ್ಮೆಯಿಂದ. ಸೆಣಬಿನ ಕಾರ್ಖಾನೆ ಮುಚ್ಚಿದ ಮೇಲೆ ಈ ವರ್ಷವಷ್ಟೇ ನಮ್ಮಲ್ಲಿ ಅಟೆಂಡರ್ ಆಗಿ ಸೇರಿದವರು. "ಪೂಜೆ ದಿನ ಯಾರಾದ್ರೂ ಯಂತ್ರ ಓಡಿಸ್ತಾರಾ? ಪಾಪ, ಹಗಲೂ ರಾತ್ರಿ ದುಡಿಯುತ್ತೆ. ದಿದಿ ಬೇಗ ಡಾಕ್ಟರ್ ಆಗ್ಲಿ ಅಂತ ಇದಕ್ಕೇ ಮೊದಲ ಆರತಿ ಮಾಡಿಸ್ದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಸುತಪಾದಿ ನನ್ನ ಕೈ ಅದುಮಿದಳು. ಒಂದು ಕೊಳವೆ ತೆಗೆದು ಅಲ್ಲಾಡಿಸಿದಳು. ಕಲ್ಲಿನಂತೆ ಗಟ್ಟಿಯಾಗಿರಬೇಕಾದ ರಕ್ತ ನೀರಾಗಿ ಕುಲುಕಿತು.

ನಿಮಾಯ್‌ದಾರ ಮುಖ ಸಣ್ಣಗಾಯಿತು. "ಏನಾದ್ರೂ ಕೆಟ್ಟೋಯ್ತಾ ದಿದಿ?"

"ಇಲ್ಲ ದಾದಾ. ಪ್ರಸಾದ ಎಲ್ಲಿ?"

ಅವರು ತಂದ ಖಿಚುಡಿಯನ್ನು ನಿಂತೇ ತಿಂದಳು. ಆಮೇಲೆ ಬಗ್ಗಿ ಪ್ಲಗ್ ಸಿಕ್ಕಿಸಿದಳು. ಫ್ರೀಜರ್ ಗುಂಯ್ ಎಂದಿತು. ಅವರು ನೋಡುತ್ತಿದ್ದಂತೆಯೇ, ಕೆಟ್ಟುಹೋದ ಆ ಕೊಳವೆಯನ್ನು ಹುಷಾರಾಗಿ ಅದರ ಜಾಗದಲ್ಲೇ ಇಟ್ಟು ಬಾಗಿಲು ಹಾಕಿದಳು.