ಗುಳಿಗೆ ಆಡಿಸಿದ ಮಾತು

ಮೊನ್ನೆ ಕುಂದಗೋಳದ ಬಸ್ಸಿನಲ್ಲಿ ಬಾಜೂಕ ಕೂತ ಹೆಣ್ಣುಮಗಳು ಅಂಗೈಗೆ ಸ್ಯಾನಿಟೈಸರ್ ಹಾಕಿ ಉಜ್ಜಿಕೊಂಡಳು. ಆ ವಾಸನೆಗೆ ಗುಡಗೇರಿಯ ನಮ್ಮ ಪಕ್ಕದ ಮನೆಯ ಅಕ್ಕೋರು ನೆನಪಾದರು...

ಅವರು ಶಾಲೆಯ ಟೀಚರು. ಮದುವೆಯಾಗಿರಲಿಲ್ಲ. ನಾನು ಆ ಓಣಿಗೆ ಸೊಸೆಯಾಗಿ ಬಂದು ಏಳು ವರ್ಷವಾದರೂ ನಳ ಬಂತೇ, ಕರೆಂಟು ಹೋಯಿತೇ ಎನ್ನುವುದರಾಚೆಗೆ ನನ್ನೊಡನೆ ಮಾತಾಡಿದವರಲ್ಲ. ಎರಡೂ ಕಿಡ್ನಿ ಕೆಟ್ಟಾಗ ಅಣ್ಣಿಗೇರಿಯ ತಮ್ಮ ತನ್ನದೊಂದನ್ನು ಕೊಟ್ಟ. ಅದನ್ನು ಮೈ ಒಲ್ಲೆನ್ನದಿರಲೆಂದು ದಿನಾ ಹಿಡಿ ತುಂಬ ಗುಳಿಗೆ.

ಆಸ್ಪತ್ರೆಯಿಂದ ಬಂದವರು ಬೇರೆಯೇ ಆಗಿದ್ದರು. ಬೆಳಗಾದರೆ ಮಾಸ್ಕು ಹಾಕಿಕೊಂಡು, ಕೈಗೆ ಸ್ಯಾನಿಟೈಸರ್ ಉಜ್ಜಿಕೊಳ್ಳುತ್ತ ಕಂಪೌಂಡಿನ ಆಚೆ ನಿಂತು ನನ್ನನ್ನು ಕರೆಯುವರು. ಮಾತೇ ಮಾತು... ಚಿಕ್ಕಂದಿನ ಆಟ, ತಮ್ಮನ ತಂಟೆ, ನಿಂತುಹೋದ ಮದುವೆ. ನಾನು ಹೊಲಿಗೆ ಬಿಟ್ಟು ಓಡುತ್ತಿದ್ದೆ. ನನಗೆ ತಾಯಿ ಇರಲಿಲ್ಲ. ಒಂದು ದಿನ ನನ್ನ ಮುಖವನ್ನೇ ನೋಡುತ್ತ, "ನೀ ನನಗ ಮಗಳಿದ್ದಂಗ ನೋಡವಾ. ಇಷ್ಟ ವರ್ಷ ಬಾಯಿಬಿಟ್ಟು ಹೇಳಲಿಲ್ಲ," ಎಂದರು.

ಆದರೆ ಅವರಿಗೆ ನಿದ್ದೆಯೇ ಇರಲಿಲ್ಲ. ಓಣಿಗೆಲ್ಲ ಹೋಳಿಗೆ ಮಾಡುತ್ತೇನೆಂದು ಮೂಟೆ ಕಡಲೆಬೇಳೆ ತರಿಸಿದರು. ಬೇಡವೆಂದ ತಮ್ಮ, ಕೊಟ್ಟ ಕಿಡ್ನಿ ಕಸಿದುಕೊಳ್ಳಲು ಬಂದಿದ್ದಾನೆಂದು ಹೆದರಿ ಒಳಗಿನಿಂದ ಚಿಲಕ ಹಾಕಿಕೊಂಡರು. ಅವನು ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟ. ಕೊನೆಗೆ ನಾನು ಕರೆದದ್ದಕ್ಕೆ ಬಾಗಿಲು ತೆರೆದರು. ತಮ್ಮ ಅವರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದ. ಈ ಗುಳಿಗೆಗಳಿಂದ ಕೆಲವರ ಮನಸ್ಸು ಹೀಗಾಗುವುದುಂಟು ಎಂದು ಡಾಕ್ಟರು ಹೇಳಿದರಂತೆ, ಪ್ರಮಾಣ ಇಳಿಸಿದರು.

ತಿಂಗಳೊಳಗೆ ನಿದ್ದೆ ಬಂತು. ಮಾತು ನಿಂತಿತು. ಕಂಪೌಂಡಿನ ಹತ್ತಿರ ಅವರು ಸುಳಿಯಲಿಲ್ಲ. ಕಾದು ಕಾದು ನಾನೇ ಹೋದೆ. ನೆಲ ನೋಡುತ್ತಲೇ ಹೇಳಿದರು:

"ಆವಾಗ ಆಡಿದ್ದೆಲ್ಲಾ ಗುಳಿಗಿ ಆಡಿಸಿದ್ದವಾ. ಮನಸಿನ್ಯಾಗ ಇಟ್ಕೋಬ್ಯಾಡ."

"ಆತ್ರಿ ಅಕ್ಕೋರ," ಎಂದು ಎದ್ದು ಬಂದೆ.

ಆಮೇಲೆ ತಮ್ಮನ ಊರಿಗೇ ವರ್ಗ ಮಾಡಿಸಿಕೊಂಡು ಹೋದರು. ಅವನ ಮನೆಯಲ್ಲೇ ಇದ್ದರು, ಅವನ ಮಕ್ಕಳಿಗೆ ಪಾಠ ಹೇಳುತ್ತಿದ್ದರು ಎಂದು ಕೇಳಿದ್ದೆ. ಹೋದ ವರ್ಷ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ದಿನಕರ್ಮವೆಲ್ಲ ಮುಗಿದ ಮೇಲೆ.

ತಮ್ಮನ ಮೇಲಿನ ಸಂಶಯ ಗುಳಿಗೆಯದು, ಒಪ್ಪುತ್ತೇನೆ. ನನ್ನ ಮೇಲಿನ ಅಂತಃಕರಣವೂ ಅದರದೇ ಏನು?... ಅಂದು ಕೇಳಬೇಕಾಗಿತ್ತು. ಈಗ ಕೇಳಲು ಅವರಿಲ್ಲ. ಮೊನ್ನೆ ಬಸ್ಸಿಳಿದು ನಡೆಯುವಾಗ ಲೆಕ್ಕ ಹಾಕಿದೆ, ಅವರು ಕರೆದು ಮಾತಾಡಿದ್ದು ಎಲ್ಲ ಸೇರಿ ನಲವತ್ತು ದಿನವೂ ಆಗಲಿಕ್ಕಿಲ್ಲ. ಅವರಾದ ಮೇಲೆ ನನ್ನನ್ನು ಯಾರೂ ಮಗಳು ಎಂದಿಲ್ಲ.