ಮಾಲಕಿಯ ಬಿಸ್ಕಿಟ್ ಮಶೀನು

ಮುಚ್ಚಳ ತೆಗೆದ ಕೂಡಲೇ ಹಳೇ ಬೆಣ್ಣೆಯ ಕಮಟು ವಾಸನೆ ಮೂಗಿಗೆ ಹೊಡೆಯಿತು. ಫುಡ್ ಪ್ರೊಸೆಸರಿನ ಪಾತ್ರೆ ಹಳದಿಗಟ್ಟಿತ್ತು, ಬ್ಲೇಡಿನ ಬುಡದಲ್ಲಿ ಮೈದಾ ಕಚ್ಚಿಕೊಂಡು ಕಲ್ಲಾಗಿತ್ತು. ತೊಳೆದಿಡುವ ಬುದ್ಧಿ ಆ ಹೆಂಗಸಿಗೆ ಯಾವತ್ತೂ ಇರಲಿಲ್ಲ. ಅದನ್ನು ತಂದುಕೊಟ್ಟವಳು ಅವಳ ಮಗಳು. ತಾಯಿ ಹೋಗಿ ತಿಂಗಳಾಯಿತಂತೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ. ನಾನು ಆಡುತ್ತೇನೆ.

ಅವಳು ನಮ್ಮ ಮನೆಮಾಲಕಿ. ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ನನ್ನ ಗಂಡನಿಗೆ ಕಾರವಾರಕ್ಕೆ ವರ್ಗವಾಗಿ, ಕೋಡಿಬಾಗದಲ್ಲಿ ಅವಳ ಮನೆಯ ಹಿಂದಿನ ಅರ್ಧದಲ್ಲಿ ಬಾಡಿಗೆಗೆ ಇದ್ದೆವು. ನಾನು ಅಂಕೋಲೆ ಹತ್ತಿರದ ಮಂಜಗುಣಿಯವಳು. ಆದರೆ ಅವಳಿಗೆ ನನ್ನ ಊರೂ ಬೇಡ, ಹೆಸರೂ ಬೇಡ. "ಏ ಅಂಕೋಲೆಯವಳೇ" ಅಂತ ಹಿತ್ತಿಲ ಬಾಗಿಲಲ್ಲಿ ನಿಂತು ಕೂಗುವುದು, ಅಷ್ಟೇ.

ಆ ಮಶೀನನ್ನು ಮುಂಬಯಿಯಲ್ಲಿದ್ದ ಅವಳ ಅಣ್ಣ ಕೊಟ್ಟು ಕಳಿಸಿದ್ದು. ಅಬ್ಬಬ್ಬಾ, ಅವಳ ಸೊಕ್ಕೇ! ಅಡುಗೆಮನೆಯಲ್ಲಿ ಇಡಬೇಕಾದ್ದನ್ನು ಪಡಸಾಲೆಯಲ್ಲಿ ಟೀವಿ ಪಕ್ಕ ಇಟ್ಟು, ಕ್ರೋಶಾದ ಬಟ್ಟೆ ಹೊದೆಸಿದ್ದಳು. ಬಂದವರೆಲ್ಲ ಕೇಳಬೇಕು, ಅವಳು ಹೇಳಬೇಕು. ನಾನು ಈಳಿಗೆಮಣೆಯ ಮೇಲೆ ಕೂತು ಈರುಳ್ಳಿ ಹೆಚ್ಚುವುದನ್ನು ಕಂಡರೆ ಮೂಗು ಮುರಿಯುತ್ತಿದ್ದಳು. ಅವಳ ಮಶೀನು ಕ್ಷಣದಲ್ಲಿ ಹೆಚ್ಚುತ್ತಿತ್ತು, ಸರಿ. ಆಮೇಲೆ ಅದರ ಪಾತ್ರೆ, ಮುಚ್ಚಳ, ಬ್ಲೇಡು ಎಲ್ಲ ಬಾವಿಕಟ್ಟೆಯಲ್ಲಿ ಕೂತು ತಿಕ್ಕುತ್ತಿದ್ದವಳು ಯಾರು? ನಾನು.

ಅದರಲ್ಲಿ ಅವಳು ಮಾಡಲು ಕಲಿತದ್ದು ಪದರು ಪದರಾಗಿ ಬಿಡುವ ಒಂದು ಬಿಸ್ಕಿಟ್. "ಖಾರಿ ಹಾಗೇ ಅಲ್ದಾ ಬಾಯೀ?" ಅಂತ ಒಮ್ಮೆ ಕೇಳಿಬಿಟ್ಟೆ.

"ಖಾರಿ ಬೇಕರಿಯವರು ಮಾಡೂದು. ಇದು ಮನೆ ಬಿಸ್ಕಿಟ್. ನಿಮ್ಮ ಬದಿಗೆ ಎಲ್ಲಿ ಕಂಡಿರ್ತಿ ನೀನು?"

ಕಂಡಿರಲಿಲ್ಲ, ನಿಜ. ಅವಳು ಮಾಡುವುದನ್ನು ನೋಡಿಯೇ ಕಲಿತೆ. ಬೆಣ್ಣೆ ಕಲ್ಲಿನ ಹಾಗೆ ಗಟ್ಟಿಯಾಗಿರಬೇಕು. ಅದರ ತುಣುಕುಗಳನ್ನು ಮೈದಾದ ಜೊತೆ ಮಶೀನಿಗೆ ಹಾಕಿ, ಗುರ್ ಅನಿಸಿ ನಿಲ್ಲಿಸಬೇಕು, ಮತ್ತೆ ಗುರ್ ಅನಿಸಿ ನಿಲ್ಲಿಸಬೇಕು. ಬೆಣ್ಣೆ ಕರಗಿ ಹಿಟ್ಟಿನಲ್ಲಿ ಸೇರಿಹೋದರೆ ಪದರು ಬಿಡುವುದಿಲ್ಲ. ಐಸ್ ನೀರು ಚಿಮುಕಿಸಿ ಮುದ್ದೆ ಮಾಡಿ, ಲಟ್ಟಿಸಿ ಮಡಚಿ, ಮತ್ತೆ ಲಟ್ಟಿಸಿ ಮಡಚಬೇಕು. ಲಟ್ಟಿಸುವ ಕೆಲಸ ನನ್ನದೇ. ಅವಳಿಗೆ ಸೊಂಟ ನೋವು! ತಿನ್ನುವಾಗ ಎಲ್ಲಿ ಹೋಗುತ್ತಿತ್ತೋ ಆ ನೋವು.

ಆದರೂ ಹೋಗುತ್ತಿದ್ದೆ. ಯಾಕೆಂದರೆ ಆ ಓಣಿಯಲ್ಲಿ ನನ್ನ ಕೈಗೆ ಒಂದು ಮರ್ಯಾದೆ ಇತ್ತು. ಚೌತಿ ಬಂತೆಂದರೆ ಗಣಪತಿ ಕೂರಿಸುವ ಮನೆಮನೆಯವರೂ ನೇವರಿ ಮಾಡಲು ನನ್ನನ್ನು ಕರೆಯುತ್ತಿದ್ದರು. ಮಡಿಯಲ್ಲಿ ಕೂತು, ಕಾಯಿ ಹೂರಣ ತುಂಬಿ, ಅಂಚು ಮಡಚಿ ಕೊಟ್ಟರೆ ಎಣ್ಣೆಯಲ್ಲಿ ಒಂದೂ ಒಡೆಯುತ್ತಿರಲಿಲ್ಲ. "ಅವಳ ಕೈ ಚೊಕ್ಕ" ಅನ್ನುತ್ತಿದ್ದರು. ಪರ ಊರಲ್ಲಿ, ಯಾರದೋ ಹಿತ್ತಿಲಲ್ಲಿ ಬದುಕುವವಳಿಗೆ ಆ ಮಾತೊಂದೇ ಆಸ್ತಿಯಾಗಿತ್ತು.

ಆ ವರ್ಷ ಶ್ರಾವಣದ ಸೋಮವಾರ ಅವಳ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವಲಕ್ಕಿ, ಶೀರಾ ಮಾಡಿದರೆ ಸಾಕಿತ್ತು. ಇವಳಿಗೆ ಮಶೀನು ಮೆರೆಸಬೇಕು. ಬೆಣ್ಣೆ ತಂದು ಹಿಂದಿನ ದಿನವೇ ಫ್ರೀಜರಿನಲ್ಲಿ ಇಟ್ಟಳು, ಬರೀ ಕಾಗದದಲ್ಲಿ ಸುತ್ತಿ. ಆ ಫ್ರೀಜರಿನಲ್ಲಿ ಏನಿತ್ತು? ಬಂಗಡೆ! ಮಳೆಗಾಲಕ್ಕೆ ಬೋಟು ನಿಲ್ಲುವ ಮುಂಚೆಯೇ ಬುಟ್ಟಿಗಟ್ಟಲೆ ಕೊಂಡು ತುಂಬಿಟ್ಟಿದ್ದಳು, ಶ್ರಾವಣ ಮುಗಿದ ಕೂಡಲೇ ತಿನ್ನಲಿಕ್ಕೆ. ಸಾಲದ್ದಕ್ಕೆ ಗಾಳಿಮಳೆಗೆ ಇಡೀ ದಿನ ಕರೆಂಟು ಇಲ್ಲ. ಮೀನು ನೀರು ಬಿಟ್ಟು, ಕರೆಂಟು ಬಂದ ಮೇಲೆ ಮತ್ತೆ ಗಟ್ಟಿಯಾಯಿತು. ಬೆಳಿಗ್ಗೆ ಅವಳು ಬೆಣ್ಣೆ ಬಿಚ್ಚುವಾಗಲೇ ನನಗೆ ವಾಸನೆ ಬಂತು. "ಬಾಯೀ, ಒಂಚೂರು ಮೂಸಿ ನೋಡಿ" ಅಂದೆ. "ನಿನ್ನ ಮೂಗಿಗೇ ಮೀನು ಅಂಟಿದೆ, ಲಟ್ಟಿಸು ಸುಮ್ಮನೆ" ಅಂದಳು.

ಬಿಸ್ಕಿಟ್ ಉಬ್ಬಿ ಚೆಂದ ಪದರು ಬಿಟ್ಟಿತು, ಅದನ್ನು ಇಲ್ಲ ಅನ್ನಲಾರೆ. ಗಂಡಿನ ತಾಯಿ ಒಂದು ತುಣುಕು ಬಾಯಿಗಿಟ್ಟರು. ಮುಖ ಕಿವುಚಿತು. ಸೆರಗಿಗೆ ಉಗುಳಿ, "ಸೋಮವಾರ ಇದೆಂತದು ಬಾಯೀ? ಬಂಗಡೆ ವಾಸ್ನೆ ಹೊಡೀತದಲ್ಲ!" ಅಂದರು.

ಮಾಲಕಿ ತಡವರಿಸಲೂ ಇಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನತ್ತ ಕೈ ತೋರಿಸಿ, "ಅಯ್ಯೋ, ಲಟ್ಟಿಸಿದ್ದು ನಮ್ಮ ಬಾಡಿಗೆಯವಳು. ಮೀನು ಕೊಯ್ದ ಕೈ ತೊಳೀಲಿಲ್ಲ ಕಾಣ್ತದೆ. ಇಂಥವರನ್ನ ಒಳಗೆ ಬಿಟ್ಟಿದ್ದೇ ನನ್ನ ತಪ್ಪು" ಅಂದಳು.

ನಾವು ಶ್ರಾವಣದಲ್ಲಿ ಮೀನು ಮುಟ್ಟುವವರಲ್ಲ. ನಮ್ಮ ಮನೆಯಲ್ಲಿ ಫ್ರಿಜ್ಜೂ ಇರಲಿಲ್ಲ. ಆ ಫ್ರೀಜರಿನ ಬಾಗಿಲು ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ಚಹಾದ ತಾಟು ಹಿಡಿದು ನಿಂತ ಹುಡುಗಿ ನನ್ನನ್ನೇ ನೋಡುತ್ತಿದ್ದಳು... ಕಣ್ಣಲ್ಲಿ ನೀರು ತುಂಬಿತ್ತು. ಮಾತಾಡಿದರೆ ಅವಳ ಸಂಬಂಧ ಮುರಿಯುತ್ತದೆ. ಹಲ್ಲು ಕಚ್ಚಿಕೊಂಡು ಹಿತ್ತಿಲಿಗೆ ಬಂದೆ. ಸಂಬಂಧ ಕೂಡಿತು.

ಚೌತಿಯೂ ಬಂತು. ಎಣ್ಣೆ ಕಾಯುವ ವಾಸನೆ ಮನೆಮನೆಯಿಂದ ಬರುತ್ತಿತ್ತು. ಸೀರೆ ಉಟ್ಟು ಸಿದ್ಧವಾಗಿ ಕೂತೆ... ಒಬ್ಬರೂ ಕರೆಯಲಿಲ್ಲ. ಆ ಬಾಯಿಬಡುಕಿ ಓಣಿಗೆಲ್ಲ ಸಾರಿದ್ದಳು. ಅವಳ ಮನೆಯ ನೇವರಿ ಎಣ್ಣೆಯಲ್ಲಿ ಒಡೆದು ಹೂರಣವೆಲ್ಲ ಕರಿಯಾಯಿತೆಂದು ಆಮೇಲೆ ಕೇಳಿದೆ. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ? ದೀಪಾವಳಿಯೊಳಗೆ ಮನೆ ಖಾಲಿ ಮಾಡಿ ಅಂಕೋಲೆಗೆ ಬಂದೆವು. ಹೊರಡುವಾಗ ಅವಳು ಹೊರಗೂ ಬರಲಿಲ್ಲ.

ಈಗ ಅಂಕೋಲೆಯ ಬಾಳೆಗುಳಿ ಹತ್ತಿರ ನಮ್ಮದೇ ಮನೆ. ಮಾಲಕಿಯ ಮಗಳು ವಿಳಾಸ ಹುಡುಕಿಕೊಂಡು ಬಂದು, ಮಶೀನನ್ನು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ಹೇಳಿದಳು: "ಅಕ್ಕಾ, ಆಯಿ ಹೋಗುವ ಮುಂಚೆ ಇದನ್ನ ಅಂಕೋಲೆಯವಳಿಗೇ ಕೊಡು ಅಂದ್ಲು. ಮತ್ತೆ... ಬೆಣ್ಣೆ ಮೀನಿನ ಸಂಗಡ ಇಡಬೇಡ ಅಂತ ಅವಳಿಗೆ ಹೇಳು, ಅಂದ್ಲು."

ಉಪದೇಶ! ಸಾಯುವಾಗಲೂ ನನಗೇ ಉಪದೇಶ! ಅಂದರೆ ಗೊತ್ತಿತ್ತು ಅವಳಿಗೆ. ಕಾರವಾರದಿಂದ ಅಂಕೋಲೆಗೆ ಎಷ್ಟು ದೂರ? ಬಸ್ಸು ಹತ್ತಿ ಬಂದು ಒಂದು ಮಾತು ಹೇಳಲಿಕ್ಕೆ ಏನಾಗಿತ್ತು ಅವಳಿಗೆ, ದರಿದ್ರದವಳಿಗೆ! ಹುಡುಗಿ ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತೆ. ಯಾಕೆ ಅತ್ತೆನೋ.

ನಿನ್ನೆ ಮಶೀನನ್ನು ತಿಕ್ಕಿ ತೊಳೆದೆ. ಬೆಣ್ಣೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಗಟ್ಟಿ ಮಾಡಿ, ಇವತ್ತು ಬಿಸ್ಕಿಟ್ ಮಾಡಿದೆ. ಪದರು ಪದರಾಗಿ ಬಿಟ್ಟವು, ಅವಳದ್ದಕ್ಕಿಂತ ಚೆಂದ. ಬೆಣ್ಣೆಯ ಘಮ ಬಿಟ್ಟರೆ ಬೇರೆ ವಾಸನೆಯಿಲ್ಲ. ಇದೇ ತಟ್ಟೆಯನ್ನು ಅವಳ ಮೂಗಿನ ಕೆಳಗೆ ಹಿಡಿದು, "ಈಗ ಮೂಸಿ ನೋಡಿ ಬಾಯೀ" ಅನ್ನಬೇಕಿತ್ತು. ಅನ್ನಿಸಿಕೊಳ್ಳಲು ಅವಳೇ ಇಲ್ಲ.